ಜಲಗಂಡ

ನಮ್ಮ ದೊಡ್ಡ ಹಡಗು ನಾರ್ವೆಯ ಫ್ಯೋರ್ಡ್ ಒಂದರ ಬಾಯಲ್ಲಿ ನಿಂತಿತ್ತು. ಬೆಟ್ಟಗಳ ನಡುವೆ ನುಗ್ಗಿದ ಆ ಕಿರಿದಾದ ಕಡಲಿನೊಳಕ್ಕೆ, ಕಾಡು ತೋರಿಸಲು, ಪುಟ್ಟ ದೋಣಿಯೊಂದು ಹೋಗುತ್ತದೆ. ಸೀಟು ಹತ್ತೇ. ನಮ್ಮ ತಂಡದಲ್ಲಿ ಮೂವತ್ತು ಜನ. ಚೀಟಿ ಎತ್ತಿದಾಗ ನನ್ನ ಹೆಸರೂ ಯಜಮಾನರ ಹೆಸರೂ ಬಂತು.

ಹೊರಡುವ ಹೊತ್ತಿಗೆ ಮಳೆ ಹಿಡಿಯಿತು. ಯಜಮಾನರು ವಿಚಾರಿಸಲು ಹೋದದ್ದು ಕ್ಯಾಪ್ಟನ್ ಬಳಿಗಲ್ಲ, ತಂಡದಲ್ಲಿದ್ದ ಜೋಯಿಸರ ಬಳಿಗೆ.

ಜೋಯಿಸರು ಕಣ್ಣು ಮುಚ್ಚಿ ಬೆರಳು ಎಣಿಸಿದರು. "ನಿಮ್ಮ ರಾಶಿಗೆ ಇವತ್ತು ಜಲಗಂಡ ಇದೆ. ನೀರಿನ ಸಹವಾಸ ಬೇಡ."

"ಆರು ದಿನದಿಂದ ನೀರಿನ ಮೇಲೇ ಇದ್ದೀವಲ್ಲ, ಈ ಹಡಗೇನು ಗದ್ದೇಲಿ ನಿಂತಿದ್ಯಾ?" ಎಂದೆ.

"ಹಡಗು ದೊಡ್ಡದಮ್ಮ. ದೋಷ ಇರೋದು ಸಣ್ಣ ದೋಣೀಲಿ."

"ಹಾಗಿದ್ರೆ ನೀನು ಹೋಗಿ ಬಾ," ಎಂದು ಯಜಮಾನರು ಧಾರಾಳವಾಗಿ ಅಪ್ಪಣೆ ಕೊಟ್ಟು, ಬೆಚ್ಚಗೆ ಕೋಣೆ ಸೇರಿಕೊಂಡರು. ನನ್ನ ರಾಶಿ ಯಾವುದೆಂದು ಯಾರೂ ಕೇಳಲಿಲ್ಲ.

ಲೈಫ್ ಜಾಕೆಟ್ ಕಟ್ಟಿಕೊಂಡು ದೋಣಿಯಲ್ಲಿ ಕೂತೆ. ಪಕ್ಕದ ಖಾಲಿ ಸೀಟಿಗೆ ರೇನ್‌ಕೋಟು ತೊಟ್ಟ ಜೋಯಿಸರು ಬಂದು ಕೂತರು.

"ನಿಮ್ಮ ಯಜಮಾನ್ರು ಪುಣ್ಯಾತ್ಮರಮ್ಮ. ಚೀಟೀಲಿ ನನ್ನ ಹೆಸರೇ ಬಂದಿರ್ಲಿಲ್ಲ."