ಪತ್ತೇದಾರ ಶೇಷಾದ್ರಿಯ ಅರ್ಧ ಮಾತು

ಗುರುವಾರ ಸಂಜೆ ಅಮ್ಮಯಮ್ಮನ ಮನೆಯ ರೇಡಿಯೋ ಮುಂದೆ ಕೂತ ಹೆಂಗಸರಿಗೆ ಪತ್ತೇದಾರ ಶೇಷಾದ್ರಿಯ ನಾಟಕದ ಬದಲು ಹೈಬ್ರಿಡ್ ಜೋಳಕ್ಕೆ ಬೀಳುವ ಹುಳುವಿನ ಸಮಾಚಾರ ಕೇಳಿಸಿತು. ಹೋದ ವಾರವೂ ಹುಳುವೇ ಬಂದಿತ್ತು.

"ನಾಟಕ ನಿಂತೋಯ್ತು ಕಣ್ರೇ. ಶುರುವಾಗಿ ಎರಡು ತಿಂಗ್ಳೂ ಆಗಿರಲಿಲ್ಲ," ಎಂದು ಅಮ್ಮಯಮ್ಮ ಗುಂಡಿ ತಿರುಗಿಸಿ ಆರಿಸಿಬಿಟ್ಟಳು. ಉಳಿದವರು ಸೆರಗು ಕೊಡವಿಕೊಂಡು ಎದ್ದರು. ಅನುಸೂಯಮ್ಮ ಮಾತ್ರ ಏಳಲಿಲ್ಲ. ನಾಟಕದ ವಕೀಲರನ್ನು ಕೊಂದದ್ದು ಕಾಂಪೌಂಡರೋ ಬೇರೆ ಯಾರೋ ಎಂಬ ಚಿಂತೆ ಅವಳಿಗೆ ಅಷ್ಟಾಗಿ ಇರಲಿಲ್ಲ. ಕೊಲೆಗಾರ ಎಲ್ಲಿಗೆ ಹೋಗುತ್ತಾನೆ, ಇವತ್ತಲ್ಲ ನಾಳೆ ಸಿಗುತ್ತಾನೆ. ಆದರೆ ಶೇಷಾದ್ರಿ? ಕಳ್ಳರನ್ನು ಗದರಿಸಿ ಬಾಯಿ ಬಿಡಿಸುವ ಗಂಡಸು ವಕೀಲರ ಮಗಳು ಸರಳಾ ಎದುರಿಗೆ ಬಂದರೆ ಕಾಫಿ ಲೋಟ ಉರುಳಿಸಿ, ಯಾರದೋ ಛತ್ರಿ ಎತ್ತಿಕೊಂಡು ಹೋಗಿಬಿಡುತ್ತಿದ್ದ. ಕೊನೆಯ ಸಲ ಅವಳ ಬಾಗಿಲಲ್ಲಿ ನಿಂತು, "ಸರಳಾ ಅವರೇ, ನಿಮಗೆ ಒಂದು ಮಾತು ಹೇಳಬೇಕಿತ್ತು..." ಎಂದು ಕೆಮ್ಮಿದ್ದ. ಅಲ್ಲಿಗೆ ಸಂಗೀತ ಹಾಕಿ ಮುಗಿಸಿದ್ದರು. ಆ ಒಂದು ಮಾತು ಏನು ಅಂತ ಯೋಚಿಸಿ ಅನುಸೂಯಮ್ಮನಿಗೆ ಅನ್ನ ಸೇರುತ್ತಿರಲಿಲ್ಲ.

ಯಾಕೆ ಸೇರುತ್ತಿರಲಿಲ್ಲ ಎಂದರೆ, ಅವಳ ಮನೆಯಲ್ಲೂ ಒಬ್ಬ ಶೇಷಾದ್ರಿ ಇದ್ದ. ಗಂಡ ಮುನಿರಾಮಯ್ಯ ಮಗ್ಗದ ಗುಂಡಿಯಲ್ಲಿ ಕೂತು ಸೀರೆ ನೇಯುತ್ತಿದ್ದ, ಅವಳು ಕೈಯಳತೆಯಲ್ಲೇ ರಾಟೆ ಮುಂದೆ ಕೂತು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆ ಮುಗಿದರೆ ಅವನು ಮಗ್ಗದ ಮರಕ್ಕೆ ಬೆರಳಲ್ಲಿ ಬಡಿಯುವನು, ಇವಳು ಕೊಡುವಳು. ಮದುವೆಯಾದ ಹೊಸದರಲ್ಲಿ ಅತ್ತೆ ಸೊಣ್ಣಮ್ಮನ ಎದುರು ಗಂಡ ಹೆಂಡತಿ ಮಾತಾಡುವಂತಿರಲಿಲ್ಲ. ದೊಡ್ಡಬಳ್ಳಾಪುರದ ನೇಕಾರರ ಎಷ್ಟೋ ಮನೆಗಳಲ್ಲಿ ಹಾಗೇ. ಅತ್ತೆ ತೀರಿಕೊಂಡು ತಿಥಿಗಳೂ ಆದವು, ಮಾತು ಮಾತ್ರ ಶುರುವಾಗಲಿಲ್ಲ. ಮುನಿರಾಮಯ್ಯ ಹೊಡೆಯುವವನಲ್ಲ, ಬೈಯುವವನಲ್ಲ, ಕುಡಿಯುವವನಲ್ಲ. "ಬಂಗಾರದಂಥ ಗಂಡ" ಎಂದು ಬೀದಿಯೆಲ್ಲ ಹೇಳುತ್ತಿತ್ತು. ಬಂಗಾರ ಮಾತಾಡುವುದಿಲ್ಲ ಎಂದು ಅನುಸೂಯಮ್ಮ ಯಾರಿಗೆ ಹೇಳಬೇಕು?

ಶನಿವಾರ ಅವನು ಸೀರೆಗಳನ್ನು ಗಂಟು ಕಟ್ಟಿಕೊಂಡು ಬೆಂಗಳೂರಿನ ಸಾಹುಕಾರರ ಅಂಗಡಿಗೆ ಹೊರಟಾಗ ಅವಳು ಬಾಗಿಲ ಮರೆಯಿಂದ, ಗೋಡೆಗೆ ಹೇಳುವಂತೆ ಹೇಳಿದಳು: "ಪಟ್ಟಣಕ್ಕೆ ಹೋದೋರು ಹಂಗೇ ರೇಡಿಯೋ ಆಫೀಸಲ್ಲಿ ಒಂಚೂರು ವಿಚಾರಿಸ್ಕೊಂಡು ಬಂದಿದ್ರೆ... ಆ ಶೇಷಾದ್ರಿ ಕಥೆ ಏನಾಯ್ತು ಅಂತ." ಮುನಿರಾಮಯ್ಯ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಬಸ್ಸು ಹತ್ತಿದ.

ಆದರೆ ಹೋದ. ರೇಡಿಯೋ ಆಫೀಸಿನ ಗೇಟಿನಲ್ಲಿ ಖಾಲಿ ಗಂಟುಬಟ್ಟೆ ಹಿಡಿದು ನಿಂತೇ ನಿಂತ. ಕೊನೆಗೆ ಟೀ ಕುಡಿಯಲು ಹೊರಗೆ ಬಂದ ಕನ್ನಡಕದವರೊಬ್ಬರನ್ನು ಕಾವಲುಗಾರ ತೋರಿಸಿದ. ನಾಟಕ ಬರೆದವರು ಅವರೇ. ದೊಡ್ಡಬಳ್ಳಾಪುರದವನೊಬ್ಬ ಇದಕ್ಕಾಗಿ ಕಾದು ನಿಂತಿದ್ದಾನೆಂದು ತಿಳಿದು ಅವರಿಗೆ ನಗುವೂ ಬಂತು, ಕಣ್ಣೂ ಒದ್ದೆಯಾಯಿತು.

"ನಿಲ್ಲಿಸಿಬಿಟ್ರಪ್ಪ. ಪತ್ತೇದಾರ ಸುಮ್ಮನೆ ನಿಂತ್ಕೊಂಡಾಗೆಲ್ಲ ಜನ ರೇಡಿಯೋ ಕೆಟ್ಟೋಯ್ತು ಅಂತ ಅದರ ತಲೆ ಮೇಲೆ ಕುಟ್ತಿದ್ರಂತೆ. ಮಾತಾಡದೆ ಇರೋನ್ನ ಕಟ್ಕೊಂಡು ಯಾರು ಕೂತಿರ್ತಾರೆ, ನೀನೇ ಹೇಳು?"

ಮುನಿರಾಮಯ್ಯ ಗಂಟುಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ನಮ್ಮನೇಲಿ ಒಬ್ಬಳು ಕೂತವ್ಳೆ ಸ್ವಾಮಿ," ಅಂದ.

ಅವನು ಮನೆ ಸೇರುವಾಗ ಹೊತ್ತು ಮುಳುಗುತ್ತಿತ್ತು. ಅನುಸೂಯಮ್ಮ ಮುದ್ದೆ ತೊಳಸಿಟ್ಟು ರಾಟೆ ಮುಂದೆ ಕೂತಿದ್ದಳು. ಅವನು ಎಂದಿನಂತೆ ಮಗ್ಗಕ್ಕೆ ಇಳಿಯದೆ, ನೆಲದ ಮೇಲೆ ಅವಳೆದುರು ಕೂತುಬಿಟ್ಟ. ಅವಳ ಕೈ ರಾಟೆಯ ಮೇಲೇ ನಿಂತಿತು.

"ಕಾಂಪೌಂಡರೇ ಕೊಂದಿದ್ದಂತೆ," ಅಂದ.

"ಆ ಸರಳಾ ಹತ್ರ... ಅವ್ನು ಏನೋ ಹೇಳ್ಬೇಕಿತ್ತಲ್ಲ?"

"ಹೇಳಲಿಲ್ವಂತೆ. ಕೇಸು ಮುಗೀತು, ರೈಲು ಹತ್ಕೊಂಡು ಹೊರಟೋದ್ನಂತೆ. ನಾಟಕದೋರು ಬರೆದಿದ್ದೇ ಹಂಗೆ."

ಅನುಸೂಯಮ್ಮ ರಾಟೆಯಿಂದ ಕೈ ತೆಗೆದಳು. ರೇಡಿಯೋದವನಾದರೂ ಬಾಯಿ ಬಿಟ್ಟಾನು ಎಂದು ಅವಳು ಇಷ್ಟು ದಿನ ಆಸೆ ಕಟ್ಟಿಕೊಂಡಿದ್ದಳು.

"ಅವಳು? ಅವಳೇನ್ ಮಾಡಿದ್ಲಂತೆ?"

ಮುನಿರಾಮಯ್ಯನಿಗೆ ಅದನ್ನು ವಿಚಾರಿಸಲು ಹೊಳೆದೇ ಇರಲಿಲ್ಲ. ಅವನು ನೆಲ ನೋಡಿದ, ಸೂರು ನೋಡಿದ. ಆಮೇಲೆ, ಮದುವೆಯಾದಾಗಿನಿಂದ ಒಂದು ದಿನವೂ ಮಾಡದಿದ್ದ ಕೆಲಸ ಮಾಡಿದ. ಹೆಂಡತಿಯ ಮುಖವನ್ನೇ ನೋಡಿ ಕೇಳಿದ.

"ನೀನಾಗಿದ್ರೆ ಏನ್ ಮಾಡ್ತಿದ್ದೆ?"

ಅವಳು ಕಾದದ್ದು ಇದನ್ನೇ. ಅವನು ಹೀಗೆ ಒಂದು ಸಲ ಕೇಳಲಿ ಎಂದು ಎಷ್ಟು ಮಾತು ಕೂಡಿಟ್ಟಿದ್ದಳು! ಎಲ್ಲವೂ ಒಟ್ಟಿಗೇ ಗಂಟಲಿಗೆ ನುಗ್ಗಿದವು. ಮುನಿರಾಮಯ್ಯ ಕಾಯುತ್ತಿದ್ದ, ಕಣ್ಣು ತೆಗೆಯಲಿಲ್ಲ. ಅನುಸೂಯಮ್ಮ ಬಾಯಿ ತೆರೆದಳು, ಒಮ್ಮೆ ಕೆಮ್ಮಿದಳು.

"ಮುದ್ದೆ ಆರೋಗ್ತದೆ, ಏಳಿ," ಅಂದಳು.