ಸೇರುವ ಮುನ್ನ ಒಂದು ಸುತ್ತು

ಭಾನುವಾರ ಬೆಳಿಗ್ಗೆ ಹುಬ್ಬಳ್ಳಿ ಬೈಪಾಸಿನ ಢಾಬಾದ ಅಂಗಳದಲ್ಲಿ ಕ್ರೂಸರ್ ಬೈಕುಗಳು ಪಟ್ಟದಾನೆಗಳ ಹಾಗೆ ಸಾಲಾಗಿ ನಿಂತಿದ್ದವು. ಅವುಗಳ ನಡುವೆ ಫಕೀರಪ್ಪ ತನ್ನ ನಲವತ್ತು ವರ್ಷದ ಬೈಕನ್ನು ತಂದು ನುಗ್ಗಿಸಿದ. ಅದರ ಸದ್ದಿಗೆ ಅತ್ತ ಧಾರವಾಡದಲ್ಲಿ ತೊಟ್ಟಿಲ ಕೂಸುಗಳೆಲ್ಲ ಎದ್ದು ಕುಳಿತವು.

“ನಿಮ್ಮ ಗುಂಪಿಗೆ ಸೇರಾಕ ಬಂದೀನಿ,” ಎಂದ.

ಗುಂಪಿನ ಕ್ಯಾಪ್ಟನ್ ನಕ್ಕ. ಯಾವ ಸೇನಾಪತಿಯ ಎದೆಯ ಮೇಲೂ ಇರದಷ್ಟು ಬಿಲ್ಲೆಗಳು ಅವನ ಜಾಕೆಟ್ಟಿನ ಮೇಲಿದ್ದವು. “ಅಜ್ಜಾರ, ಇದು ಕ್ರೂಸರ್ ಗುಂಪು. ಈ ಗುಜರಿ ನಮ್ಮ ಜೋಡಿ ಓಡೂದಿಲ್ಲ. ನಿಮ್ಮನ್ನ ಕಾಯಕೋತ ನಾವೂ ಮುದುಕರಾಗತೀವಿ.”

ಆ ಬೈಕಿನ ಮೇಲೆ ಭೂಮಿಯನ್ನು ಚಂದ್ರನಿಗಿಂತ ಹೆಚ್ಚು ಸಲ ಸುತ್ತಿದವನು ಫಕೀರಪ್ಪ. ಬೇಡ ಎನ್ನಿಸಿಕೊಂಡು ಮನೆಗೆ ಹೋಗುವ ಆಸಾಮಿಯಲ್ಲ.

“ಓಡತೈತೋ ಇಲ್ಲೋ ನೀವ ಹೊಡದು ನೋಡ್ರಿ. ಅಂಗಳಕ್ಕ ಒಂದ ಸುತ್ತು ಹಾಕಿ ಇಲ್ಲೇ ತಂದು ನಿಲ್ಲಸ್ರಿ, ನಾ ಸುಮ್ಮನ ಮನಿ ಹಾದಿ ಹಿಡೀತೀನಿ.”

“ಒಂದ ಕೈಲೆ ಹೊಡೀತೀನಿ,” ಎಂದು ಕ್ಯಾಪ್ಟನ್ ಹತ್ತಿ ಕುಳಿತ. ಕಿಕ್ ಹೊಡೆದು ಗೇರು ಹಾಕಿಕೊಟ್ಟವನು ಫಕೀರಪ್ಪನೇ.

ಸುತ್ತು ಮುಗಿಯಿತು. ನಿಲ್ಲಿಸಲೆಂದು ಕ್ಯಾಪ್ಟನ್ ಬಲಗಾಲು ಒತ್ತಿದ. ಆ ಕಾಲದ ಬೈಕಿಗೆ ಬ್ರೇಕು ಎಡಗಾಲಿಗೆ, ಗೇರು ಬಲಗಾಲಿಗೆ. ಒತ್ತಿದಷ್ಟೂ ಗೇರು ಏರಿ ಬೈಕು ಹಾರತೊಡಗಿತು. ಕೈಬ್ರೇಕು ಬರೀ ಅಲಂಕಾರಕ್ಕಿತ್ತು. ಢಾಬಾದ ಕೋಳಿಗಳು ಬೇವಿನ ಮರದ ತುದಿ ಸೇರಿದವು.

“ಅಜ್ಜಾರ, ಬ್ರೇಕ್ ಎಲ್ಲೈತ್ರಿ?” ಎಂದು ಕೂಗುತ್ತಲೇ ಅವನು ದಾಟಿ ಹೋದ.

ಫಕೀರಪ್ಪ ಚಹಾ ತರಿಸಿಕೊಂಡು, ಅವನು ಮತ್ತೆ ಸುತ್ತಿ ಬರುವ ತನಕ ಕಾದ.

“ಮೊದಲ ನೀವು ಹೇಳ್ರಿ, ನಾ ಗುಂಪಿನ್ಯಾಗ ಅದೀನೋ ಇಲ್ಲೋ?”