ಮುಚ್ಚಿದ ನಲ್ಲಿ

“ಈ ಯಂತ್ರ ಕೆಟ್ಟಿದೆ!” ಪಂಪ್ ಆಪರೇಟರ್ ತೋಳಿನ ಪಟ್ಟಿಯನ್ನು ಕಿತ್ತು ಮೇಜಿನ ಮೇಲೆ ಬಿಸುಟ. ಊಟಕ್ಕೆ ಉಪ್ಪು ಹೆಚ್ಚಾಯಿತೆಂದು ಅಷ್ಟು ಹೊತ್ತು ಮನೆ ನಡುಗುವಂತೆ ಕೂಗಾಡಿದವನಿಗೆ ಹೊಸ ಬಿಪಿ ಯಂತ್ರ ತೋರಿಸಿದ್ದು ಬರೀ ನೂರ ಇಪ್ಪತ್ತೆಂಟು. ಅವನ ಬಿಪಿ ಏರೀತೆಂಬ ಭಯಕ್ಕೆ ಹನ್ನೊಂದು ವರ್ಷಗಳಿಂದ ಆ ಮನೆಯಲ್ಲಿ ಯಾರೂ ಎದುರು ಮಾತನಾಡಿರಲಿಲ್ಲ.

“ಅಮ್ಮನಿಗೆ ಹಾಕಿ ನೋಡೇ, ಗೊತ್ತಾಗುತ್ತೆ,” ಎಂದು ಮಗಳಿಗೆ ಅಪ್ಪಣೆಯಾಯಿತು. ಮಗಳು ಅಮ್ಮನ ಸೊರಗಿದ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದಳು. ನೂರ ತೊಂಬತ್ತೆಂಟು.

ಆಪರೇಟರ್ ತೊಡೆ ತಟ್ಟಿ ನಕ್ಕ. “ನಾನು ಹೇಳಲಿಲ್ವಾ? ಬಾಯೇ ಇಲ್ಲದವಳಿಗೆ ಇನ್ನೂರರ ಹತ್ತಿರ ಅಂತೆ!”

“ನಗಬೇಡಿ ಅಪ್ಪಾ,” ಎಂದಳು ಮಗಳು. ಐದು ನಿಮಿಷ ಬಿಟ್ಟು ಮತ್ತೆ ಅಳೆದಳು. ಈ ಸಲ ಇನ್ನೂರ ಎರಡು. “ಅಮ್ಮಾ, ಏಳು. ಈಗಲೇ ಆಸ್ಪತ್ರೆಗೆ ಹೋಗೋಣ.”

“ಏಯ್, ನನ್ನ ಊಟ?” ಎಂದು ಆಪರೇಟರ್ ಎದ್ದು ನಿಂತ.

ಅವನ ಹೆಂಡತಿ ಪಟ್ಟಿಯನ್ನು ನಿಧಾನವಾಗಿ ಬಿಚ್ಚಿ ಅವನ ತಟ್ಟೆಯೊಳಗೆ ಹಾಕಿದಳು. “ನಲ್ಲಿ ಬಿಟ್ಟರೆ ಪಂಪಿನ ಒತ್ತಡದ ಮುಳ್ಳು ಇಳಿಯುತ್ತೆ, ಮುಚ್ಚಿದರೆ ಏರುತ್ತೆ ಅಂತ ಈ ಮೂವತ್ತು ವರ್ಷ ನನಗೆ ಪಾಠ ಮಾಡಿದೋರು ನೀವೇ ಅಲ್ವಾ? ಯಂತ್ರ ಸರಿಯಾಗೇ ಇದೆ. ನಿಮ್ಮ ಬಿಪಿಯನ್ನ ಇಷ್ಟು ವರ್ಷ ಇಟ್ಟುಕೊಂಡಿದ್ದು ನಾನು!”

ಬೀದಿಗೆ ಕೇಳುವಷ್ಟು ಜೋರಾಗಿತ್ತು ಆ ಕೊನೆಯ ಮಾತು. “ಮೆಲ್ಲಗೆ ಕಣೇ, ಮೆಲ್ಲಗೆ,” ಎಂದ ಆಪರೇಟರ್. ಆ ಮನೆಯಲ್ಲಿ ಆ ಮಾತನ್ನು ಅವನು ಹೇಳಿದ್ದು ಅದೇ ಮೊದಲು.